ಯಾವ ಡಾಕ್ಟರಾಗಬೇಕೆಂದು ಬ್ಯಾಂಕು ಹೇಳುತ್ತದೆ

ನಾನು ಬಿಕಾಂ ಓದಿದವನು. ದಿನಾ ಬೆಳಿಗ್ಗೆ ಒಂದು ಬಿಪಿ ಮಾತ್ರೆ ನುಂಗುತ್ತೇನೆ ಅನ್ನುವುದನ್ನು ಬಿಟ್ಟರೆ ಡಾಕ್ಟರಿಕೆಯ ಬಗ್ಗೆ ಬರೆಯಲು ನನಗೆ ಯಾವ ಯೋಗ್ಯತೆಯೂ ಇಲ್ಲ. ಆದರೆ ಸಾಲದ ಬಗ್ಗೆ ಸ್ವಲ್ಪ ಗೊತ್ತು. ಕೊಟ್ಟದ್ದು, ಕೊಡದೆ ಇದ್ದದ್ದು, ವಸೂಲಿಗೆ ಮನೆ ಬಾಗಿಲು ತಟ್ಟಿದ್ದು... ಮೂವತ್ತು ವರ್ಷದ ಮೇಲಾಯಿತು. ಅದರಲ್ಲಿ ಹೆಚ್ಚಿನದು ಕೊಚ್ಚಿ, ತಿರುವನಂತಪುರಗಳಲ್ಲೇ ಕಳೆದದ್ದು. ಈಗ ಮನೆ ತೃಪ್ಪೂಣಿತುರದಲ್ಲಿ, ಆಫೀಸು ತಿರುವನಂತಪುರದಲ್ಲಿ. ಶುಕ್ರವಾರ ಸಂಜೆ ವಂಚಿನಾಡ್ ಎಕ್ಸ್‌ಪ್ರೆಸ್ ಹತ್ತುವುದು, ಸೋಮವಾರ ಬೆಳಗ್ಗಿನ ಜಾವ ಅದರಲ್ಲೇ ವಾಪಸ್. ಟ್ರಾನ್ಸ್‌ಫರ್ ಆದ ಬ್ಯಾಂಕಿನವರ ಹಣೆಬರಹ ಇಷ್ಟೇ.

ಮೊನ್ನೆ ಶನಿವಾರ ಮನೆಯ ಊಟದ ಮೇಜಿನ ಮೇಲೆ ನಡೆದ ಒಂದು ಲೆಕ್ಕದ ಕತೆ ಹೇಳುತ್ತೇನೆ.

ನನ್ನ ತಂಗಿಯ ಮಗಳು ಎಂಬಿಬಿಎಸ್ ಮುಗಿಸಿ ಎರಡು ವರ್ಷವಾಯಿತು. ಕೊಚ್ಚಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್. ನಮ್ಮ ಮನೆಯಲ್ಲೇ ಇದ್ದಾಳೆ. ತಂಗಿ ಮತ್ತು ಭಾವ ಕಾಸರಗೋಡಿನ ಪೆರ್ಲದ ಹತ್ತಿರ, ಅಡಿಕೆ ತೋಟ. ಈ ಸಲ ಹುಡುಗಿಗೆ ನೀಟ್ ಪಿಜಿಯಲ್ಲಿ ತಕ್ಕಮಟ್ಟಿಗೆ ರ‍್ಯಾಂಕ್ ಬಂದಿದೆ. ಎರಡು ದಾರಿ ಇದೆ. ಒಂದು, ಒಂದು ಆಸ್ಪತ್ರೆಯಲ್ಲಿ ಫ್ಯಾಮಿಲಿ ಮೆಡಿಸಿನ್ ಡಿಎನ್‌ಬಿ. ಅದಕ್ಕೆ ದೊಡ್ಡ ಫೀಸಿಲ್ಲ, ಸ್ಟೈಪೆಂಡ್ ಕೂಡ ಇದೆ. ಇನ್ನೊಂದು, ಒಂದು ಖಾಸಗಿ ಕಾಲೇಜಿನಲ್ಲಿ ಚರ್ಮರೋಗದ ಎಂಡಿ. ವರ್ಷಕ್ಕೆ ಹದಿನೈದು ಲಕ್ಷ, ಮೂರು ವರ್ಷ. ಸೋಮವಾರದೊಳಗೆ ಆಪ್ಷನ್ ಲಾಕ್ ಮಾಡಬೇಕು.

"ಮಾವ, ನನಗೆ ಫ್ಯಾಮಿಲಿ ಮೆಡಿಸಿನ್ ಇಷ್ಟ. ಆದ್ರೆ ಅಪ್ಪ ನಿಮ್ಮತ್ರ ಕೇಳು ಅಂದಿದ್ದಾರೆ" ಅಂದಳು.

ನನ್ನತ್ರ ಯಾಕೆ ಕೇಳಬೇಕು ಅಂತ ಗೊತ್ತಾಯಿತಲ್ಲ? ಅವಳ ಎಂಬಿಬಿಎಸ್ ಸಾಲ ಮಾಡಿಸಿಕೊಟ್ಟವನು ನಾನೇ.

ಅವಳು ಸೇರಿದ್ದು 2017ರಲ್ಲಿ. ಕೇರಳದಲ್ಲಿ ಆ ವರ್ಷ ಮಕ್ಕಳನ್ನು ಮೆಡಿಕಲ್ಲಿಗೆ ಸೇರಿಸಿದ ತಂದೆತಾಯಿಯರಿಗೆ ಆಗಸ್ಟ್ ತಿಂಗಳು ಇನ್ನೂ ನೆನಪಿರಬಹುದು. ಫೀಸ್ ಕಮಿಟಿ ಸ್ವಾಶ್ರಯ ಕಾಲೇಜುಗಳಿಗೆ ವರ್ಷಕ್ಕೆ 5 ಲಕ್ಷ ಅಂದಿತ್ತು. ಕಾಲೇಜಿನವರು ಕೋರ್ಟಿಗೆ ಹೋದರು. ಕೊನೆಗೆ ಸುಪ್ರೀಂ ಕೋರ್ಟು ತತ್ಕಾಲಕ್ಕೆ 11 ಲಕ್ಷ ಅಂದಿತು, ಅದರಲ್ಲಿ 5 ಲಕ್ಷ ಈಗ ಕಟ್ಟಿ, ಉಳಿದ 6 ಲಕ್ಷಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಿ ಅಂತ. ಅಡ್ಮಿಷನ್ ಮುಗಿಯಲು ನಾಲ್ಕು ದಿನ ಇರುವಾಗ! ಬ್ಯಾಂಕ್ ಗ್ಯಾರಂಟಿ ಅನ್ನುವುದು ಕಂಟ್ರಾಕ್ಟರುಗಳು ತೆಗೆಯುವ ಕಾಗದ. ಅದು ಏನೆಂದೇ ಗೊತ್ತಿಲ್ಲದ ಮೇಷ್ಟ್ರುಗಳು, ಗಲ್ಫಿನಿಂದ ವಾಪಸಾದವರು, ರಬ್ಬರ್ ತೋಟದವರು ಬ್ರಾಂಚಿನಲ್ಲಿ ಸಾಲುಗಟ್ಟಿ ನಿಂತಿದ್ದರು. ಸಾಲಿನಲ್ಲಿ ನನ್ನ ಭಾವನೂ ಇದ್ದ, ಮಡಿಲಲ್ಲಿ ತೋಟದ ಆಧಾರಪತ್ರ ಇಟ್ಟುಕೊಂಡು.

ಆಮೇಲೆ ಫೀಸು ಇಳಿಯಿತು ಅನ್ನಿ. ಆದರೂ ಫೀಸು, ಹಾಸ್ಟೆಲು, ಪುಸ್ತಕ, ಮೆಸ್ಸು ಎಲ್ಲ ಸೇರಿ ವರ್ಷಕ್ಕೆ ಏಳು ಲಕ್ಷ. ಐದು ವರ್ಷಕ್ಕೆ ಮೂವತ್ತೈದು. ಓದುವಾಗ ಸರಳ ಬಡ್ಡಿ ಮಾತ್ರ, ನಿಜ. ಆದರೆ ಕೋರ್ಸು ಐದೂವರೆ ವರ್ಷ, ಅದರ ಮೇಲೆ ಒಂದು ವರ್ಷದ ವಿನಾಯಿತಿ. ನೂರಕ್ಕೆ ಹತ್ತರ ಬಡ್ಡಿ ಹಿಡಿದರೆ ಆ ಹೊತ್ತಿಗೆ ಬಡ್ಡಿಯೇ 15 ಲಕ್ಷ 75 ಸಾವಿರ. ಒಟ್ಟು 50 ಲಕ್ಷ 75 ಸಾವಿರ. ಹದಿನೈದು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು 54,500 ರೂಪಾಯಿ.

ಹುಡುಗಿಯ ಸಂಬಳ 55 ಸಾವಿರ.

ಹಾಗಾಗಿ ಈಗ ಕಂತು ಕಟ್ಟುವುದು ಅಡಿಕೆ ತೋಟ. ಕೊಳೆರೋಗ ಬಂದ ವರ್ಷ ಮೂರು ತಿಂಗಳು ತಪ್ಪಿದರೆ ಖಾತೆ ಎನ್‌ಪಿಎ. ಅದನ್ನು ಎನ್‌ಪಿಎ ಎಂದು ಗುರುತು ಹಾಕುವ ನಮ್ಮಂಥ ಆಫೀಸರಿಗೆ ಅಡಿಕೆಯೂ ಗೊತ್ತಿಲ್ಲ, ಕೊಳೆರೋಗವೂ ಗೊತ್ತಿಲ್ಲ.

ಈಗ ಮೇಜಿನ ಲೆಕ್ಕಕ್ಕೆ ಬರುತ್ತೇನೆ. ಚರ್ಮರೋಗಕ್ಕೆ ಇನ್ನೂ 45 ಲಕ್ಷ ಸಾಲ ಮಾಡಿದರೆ ಬಡ್ಡಿ ಸೇರಿ ಎಲ್ಲ ಒಟ್ಟು ಒಂದು ಕೋಟಿ ದಾಟುತ್ತದೆ. ಫ್ಯಾಮಿಲಿ ಮೆಡಿಸಿನ್ ಆದರೆ ಹೊಸ ಸಾಲವೇ ಇಲ್ಲ, ಇರುವುದು ಐವತ್ತು ಲಕ್ಷ ಮಾತ್ರ. ಮನೆಯ ಬುದ್ಧಿಗೆ ಯಾವುದು ಕ್ಷೇಮ ಅನ್ನಿಸುತ್ತದೆ? ಐವತ್ತು ಲಕ್ಷದ್ದು ತಾನೆ?

ಬ್ಯಾಂಕಿನ ಬುದ್ಧಿಗೆ ಹಾಗಲ್ಲ. ನಾನೇ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದೆ. ಕೊಚ್ಚಿಯಲ್ಲಿ ಚರ್ಮದ ಡಾಕ್ಟರು ನಾಲ್ಕೈದು ವರ್ಷದಲ್ಲಿ ಕೂದಲು, ಲೇಸರು, ಮೊಡವೆ ಎಂದು ಎಷ್ಟು ದುಡಿಯಬಹುದು ಅಂತ ಹಾಕಿದರೆ ತಿಂಗಳಿಗೆ ಲಕ್ಷದ ಮೇಲಿನ ಕಂತೂ ಸಲೀಸಾಗಿ ಹೋಗುತ್ತದೆ. ಫ್ಯಾಮಿಲಿ ಮೆಡಿಸಿನ್ ಕಾಲಂನಲ್ಲಿ ಐವತ್ತು ಲಕ್ಷವೇ ಕೆಂಪು ತೋರಿಸುತ್ತದೆ. ಅಂದರೆ ಒಂದು ಕೋಟಿ ಸಾಲ ಇರುವ ಚರ್ಮದ ಡಾಕ್ಟರು ಒಳ್ಳೆ ಗಿರಾಕಿ, ಐವತ್ತು ಲಕ್ಷ ಸಾಲ ಇರುವ ಊರ ಡಾಕ್ಟರು ಅಪಾಯದ ಗಿರಾಕಿ. ಈ ಅರ್ಜಿ ನನ್ನ ಮುಂದೆ ಬೇರೆ ಯಾರದ್ದಾದರೂ ಆಗಿ ಬಂದಿದ್ದರೆ ನಾನು ಕಣ್ಣು ಮುಚ್ಚಿ ಕೋಟಿಯದ್ದಕ್ಕೇ ಶಿಫಾರಸು ಬರೆಯುತ್ತಿದ್ದೆ. ಬರೆದಿದ್ದೇನೆ ಕೂಡ, ಒಂದಲ್ಲ ಹತ್ತು.

"ಈಗಿನ ಡಾಕ್ಟರುಗಳಿಗೆ ದುಡ್ಡಿನ ಹುಚ್ಚು, ಸೇವೆ ಅನ್ನುವುದೇ ಇಲ್ಲ" ಅಂತ ಮದುವೆ ಮನೆಗಳಲ್ಲಿ ಎಲೆ ಅಡಿಕೆ ಜಗಿಯುತ್ತಾ ಮಾತಾಡುವವರಿಗೆ ಇದನ್ನು ಹೇಳಬೇಕು ಅನ್ನಿಸಿತು. ಹುಚ್ಚು ಕೆಲವರಿಗೆ ಇದೆ. ಆದರೆ ಎಷ್ಟೋ ಮಕ್ಕಳು ಏನಾಗಬೇಕೆಂದು ಅವರ ಮನಸ್ಸಾಗಲಿ ರೋಗಿಗಳಾಗಲಿ ಹೇಳುತ್ತಿಲ್ಲ, ಸಾಲ ಮರುಪಾವತಿಯ ಪಟ್ಟಿ ಹೇಳುತ್ತಿದೆ. ಆ ಪಟ್ಟಿ ತಯಾರಿಸುವವರು ನಾವು. ಆರೋಗ್ಯ ಇಲಾಖೆಯವರು ಅದನ್ನು ಕಣ್ಣೆತ್ತಿಯೂ ನೋಡಿಲ್ಲ.

ಅದೇ 2017ನೇ ಇಸವಿ ನೋಡಿ. ಫೆಬ್ರವರಿಯಲ್ಲಿ ಕೇರಳ ಸರಕಾರ 'ಆರ್ದ್ರಂ' ಮಿಷನ್ ಶುರು ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನೆಲ್ಲ ಹಂತ ಹಂತವಾಗಿ ಕುಟುಂಬ ಆರೋಗ್ಯ ಕೇಂದ್ರ ಮಾಡುವುದು, ಮಧ್ಯಾಹ್ನಕ್ಕೆ ಮುಚ್ಚುತ್ತಿದ್ದ ಓಪಿ ಸಂಜೆವರೆಗೆ ಇರುವುದು, ಹೆಚ್ಚು ಡಾಕ್ಟರು, ಹೆಚ್ಚು ನರ್ಸು. ಒಳ್ಳೆಯ ಯೋಜನೆ, ನಾನು ಹೊಗಳುತ್ತೇನೆ. ಕೇರಳದಲ್ಲಿ ಸಕ್ಕರೆ ಕಾಯಿಲೆ, ಬಿಪಿ ಇಲ್ಲದ ಮನೆ ಹುಡುಕಬೇಕು. ಕಾಯಿಲೆಗೆ ಕೈಯಿಂದ ಖರ್ಚು ಮಾಡುವುದರಲ್ಲೂ ಇಲ್ಲಿಯವರು ದೇಶದಲ್ಲೇ ಮುಂದಿದ್ದಾರೆ. ಮನೆಯವರನ್ನೆಲ್ಲ ಗುರುತು ಹಿಡಿಯುವ ಒಬ್ಬ ಡಾಕ್ಟರು ಹತ್ತಿರದಲ್ಲಿದ್ದರೆ ಅರ್ಧ ಖರ್ಚು ಉಳಿಯುತ್ತದೆ. ಇಲ್ಲಿ ಸರಕಾರಕ್ಕೆ ಬೇಕಾದದ್ದು ಫ್ಯಾಮಿಲಿ ಡಾಕ್ಟರು. ಅದೇ ವರ್ಷದ ಆಗಸ್ಟಿನಲ್ಲಿ ಹದಿನೆಂಟು ವರ್ಷದ ಮಕ್ಕಳಿಗೆ 11 ಲಕ್ಷದ ಚೀಟಿ ಕೈಗೆ ಬಂತು. ಅದೇ ವರ್ಷ ಸರಕಾರ ಶಿಕ್ಷಣ ಸಾಲ ಮರುಪಾವತಿಗೆ ನೆರವಿನ ಯೋಜನೆಯನ್ನೂ ಘೋಷಿಸಿತು, 900 ಕೋಟಿಯದ್ದು. 4 ಲಕ್ಷದವರೆಗಿನ ಸಾಲ ಎನ್‌ಪಿಎ ಆಗಿದ್ದರೆ ಶೇ. 60 ಸರಕಾರ ಕಟ್ಟುತ್ತದೆ, ಶೇ. 40 ನೀವು ಕಟ್ಟಿ ಅಂತ. ಒಂದೇ ಸರಕಾರ, ಒಂದೇ ವರ್ಷ, ಮೂರು ಫೈಲು. ಒಂದರ ಮೇಲೊಂದು ಇಟ್ಟು ನೋಡಿದವರು ಯಾರೂ ಇದ್ದಂತಿಲ್ಲ.

ಇನ್ಶೂರೆನ್ಸೂ ಹಾಗೇ. ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಷ್ಟೋ ಜನರ ಜೀವ ಉಳಿಸಿದೆ, ಎರಡು ಮಾತಿಲ್ಲ. ಆದರೆ ಅದು ಹಣ ಕೊಡುವುದು ಅಡ್ಮಿಟ್ ಆದರೆ. ಆಪರೇಷನ್ನಿಗೆ ಪ್ಯಾಕೇಜು, ಸ್ಟೆಂಟಿಗೆ ಪ್ಯಾಕೇಜು. ಹತ್ತು ನಿಮಿಷ ಕೂತು ಮಾತಾಡಿಸಿ, ಎರಡು ಮಾತ್ರೆ ಬಿಡಿಸಿ, ಉಪ್ಪು ಕಡಿಮೆ ಮಾಡಿ ಅನ್ನುವ ಡಾಕ್ಟರಿಗೆ ಯಾವ ಪ್ಯಾಕೇಜೂ ಇಲ್ಲ. ಹಣ ಯಾವ ಕಡೆ ಹರಿಯುತ್ತದೋ ಸಾಲ ಇರುವ ಹುಡುಗಿ ಆ ಕಡೆಗೇ ಹೋಗಬೇಕು. ದೇಶದಲ್ಲೇ ಮೊದಲು ಎಂಡಿ ಫ್ಯಾಮಿಲಿ ಮೆಡಿಸಿನ್ ಶುರುವಾದದ್ದು ಇದೇ ಕೇರಳದ ಕೋಳಿಕೋಡ್ ಮೆಡಿಕಲ್ ಕಾಲೇಜಿನಲ್ಲಿ ಅಂದರೆ ನೀವು ನಗುತ್ತೀರಿ :-)

ಊರ ಡಾಕ್ಟರಿಂದ ಏನಾಗುತ್ತದೆ ಅನ್ನುವವರಿಗೆ ನಮ್ಮ ಕಡೆಯದ್ದೇ ಒಂದು ಉದಾಹರಣೆ ಇದೆ. ಎಣ್ಮಕಜೆ ಪಂಚಾಯತಿನ ಪಡ್ರೆ, ವಾಣಿನಗರ. ಅಲ್ಲಿನ ಗುಡ್ಡಗಳಲ್ಲಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ವರ್ಷಾನುಗಟ್ಟಲೆ ಎಂಡೋಸಲ್ಫಾನ್ ಸುರಿದರು. ಬುದ್ಧಿ ಬೆಳೆಯದ ಮಕ್ಕಳು, ಅಂಗ ಊನವಾದ ಮಕ್ಕಳು, ಕ್ಯಾನ್ಸರು, ಮಾನಸಿಕ ಕಾಯಿಲೆ... ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಯಾಕೆ ಎಂದು ಮೊದಲು ಕೇಳಿದವರು ಅಲ್ಲಿ ಎಂಬತ್ತರ ದಶಕದಿಂದ ಕ್ಲಿನಿಕ್ ಇಟ್ಟುಕೊಂಡಿದ್ದ ಡಾ. ವೈ.ಎಸ್. ಮೋಹನ ಕುಮಾರ್. ಸ್ಪೆಷಲಿಸ್ಟ್ ಅಲ್ಲ, ಸಾಮಾನ್ಯ ಎಂಬಿಬಿಎಸ್ ಡಾಕ್ಟರು. ವೈದ್ಯರ ಪತ್ರಿಕೆಗೂ ಬರೆದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಊರಾಚೆಗೆ ಮುಟ್ಟಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಎಂಡೋಸಲ್ಫಾನ್ ನಿಲ್ಲಿಸಿತು.

ಯೋಚಿಸಿ ನೋಡಿ. ಅದೇ ರೋಗಿಗಳು ಒಬ್ಬೊಬ್ಬರಾಗಿ ಮಂಗಳೂರಿಗೆ ಹೋಗಿ ಒಬ್ಬ ಚರ್ಮದವರನ್ನು, ಒಬ್ಬ ನರದವರನ್ನು, ಒಬ್ಬ ಮಕ್ಕಳ ಡಾಕ್ಟರನ್ನು ಕಂಡಿದ್ದರೆ ಎಲ್ಲರದ್ದೂ ಬೇರೆ ಬೇರೆ ಕಾಯಿಲೆ ಆಗುತ್ತಿತ್ತು. ಅಕ್ಕಪಕ್ಕದ ಮನೆಯವರೆಲ್ಲ ಒಂದೇ ಬೆಂಚಿನಲ್ಲಿ ಕೂತದ್ದರಿಂದ ಅದು ಒಂದೇ ಕಾಯಿಲೆ ಎಂದು ಗೊತ್ತಾಯಿತು.

ಸ್ಪೆಷಲಿಸ್ಟ್ ಬೇಡ ಅಂತಲ್ಲ. ಕಾಸರಗೋಡಿನವರಿಗೆ ಅದರ ಕೊರತೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಂಡೋಸಲ್ಫಾನ್ ಪೀಡಿತರಿದ್ದ ಜಿಲ್ಲೆಯ ಸರಕಾರಿ ಆಸ್ಪತ್ರೆಗಳಲ್ಲಿ ಎಷ್ಟೋ ಕಾಲ ನರರೋಗ ತಜ್ಞರೇ ಇರಲಿಲ್ಲ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ಜನ ಸತ್ತರು. 2022ರ ಅಕ್ಟೋಬರಿನಲ್ಲಿ ದಯಾಬಾಯಿಯವರು ಕಾಸರಗೋಡಿಗೆ ಆಸ್ಪತ್ರೆ ಸೌಲಭ್ಯ ಕೊಡಿ ಎಂದು ಇಲ್ಲಿ ತಿರುವನಂತಪುರದ ಸೆಕ್ರೆಟೇರಿಯಟ್ ಮುಂದೆ ಉಪವಾಸ ಕೂತಿದ್ದರು. ನಾನು ಒಂದು ಸಂಜೆ ಹೋಗಿ ನೋಡಿ ಬಂದೆ, ಏನು ಮಾತಾಡಬೇಕೆಂದು ತಿಳಿಯದೆ ಹಾಗೇ ವಾಪಸಾದೆ. ಭಾವನ ಮನೆಗೆ ಹತ್ತಿರದ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ, 50 ಎಂಬಿಬಿಎಸ್ ಸೀಟಿಗೆ ಅನುಮತಿ ಬಂದದ್ದು 2025ರಲ್ಲಿ. ನಮ್ಮ ಹುಡುಗಿಗೆ ಎಂಟು ವರ್ಷ ತಡವಾಯಿತು. ಅದು ಸಮಯಕ್ಕೆ ಆಗಿ ಅಲ್ಲೇ ಸೀಟು ಸಿಕ್ಕಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಇನ್ನು ನನ್ನ ವಾದಕ್ಕೆ ವಿರುದ್ಧವಾದದ್ದನ್ನೂ ಹೇಳಬೇಕು. ನನ್ನ ಸಹೋದ್ಯೋಗಿಯೊಬ್ಬರ ಮಗ ತಿರುವನಂತಪುರ ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ ಓದಿದ. 1951ರ ಕಾಲೇಜು, ಕೇರಳದ ಮೊದಲನೆಯದು. ಐದು ವರ್ಷದ ಅವನ ಒಟ್ಟು ಫೀಸು ನಮ್ಮವಳ ಮೂರು ತಿಂಗಳ ಕಂತಿನಷ್ಟೂ ಇಲ್ಲ. ಒಂದು ಪೈಸೆ ಸಾಲವಿಲ್ಲ. ಅವನೂ ರೇಡಿಯಾಲಜಿಯನ್ನೇ ತೆಗೆದುಕೊಂಡ. ಯಾಕಪ್ಪಾ ಅಂದರೆ, "ಅಂಕಲ್, ರಾತ್ರಿ ನಿದ್ದೆ ಮಾಡಬಹುದು, ಯಾರೂ ಹೊಡೆಯಲಿಕ್ಕೆ ಬರುವುದಿಲ್ಲ" ಅಂದ. ತಮಾಷೆ ಮಾಡಿದ್ದಲ್ಲ. 2023ರ ಮೇ 10ರಂದು ಕೊಟ್ಟಾರಕ್ಕರ ತಾಲೂಕು ಆಸ್ಪತ್ರೆಯಲ್ಲಿ ಡಾ. ವಂದನಾ ದಾಸ್ ಎಂಬ ಹುಡುಗಿಯನ್ನು ಪೊಲೀಸರು ತಪಾಸಣೆಗೆ ಕರೆತಂದವನೇ ಕೊಂದ. ಅದಾದ ಮೇಲೆ ನಮ್ಮವಳಿಗೆ ನೈಟ್ ಡ್ಯೂಟಿ ಇದ್ದ ದಿನಗಳಲ್ಲಿ ನನ್ನ ಹೆಂಡತಿ ಫೋನು ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಾಳೆ.

ಹಾಗಾಗಿ ಸಾಲ ಒಂದೇ ಕಾರಣ ಅಲ್ಲ. ಇಡೀ ದೇಶದಲ್ಲಿ ಮಕ್ಕಳು ನಾಲ್ಕೈದು ವಿಷಯಗಳ ಹಿಂದೆಯೇ ಓಡುತ್ತಾರೆ, ಉಳಿದ ಸೀಟು ಖಾಲಿ ಬೀಳುತ್ತದೆ. 2023ರಲ್ಲಿ ನೀಟ್ ಪಿಜಿಯ ಕಟ್ ಆಫನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಬೇಕಾಯಿತು. ಆದರೆ ಒಂದು ವ್ಯತ್ಯಾಸ ಇದೆ. ಆ ಹುಡುಗ ಆರಿಸಿಕೊಂಡ. ಬೇರೆ ಮನಸ್ಸು ಬಂದಿದ್ದರೆ ಬೇರೆಯದ್ದನ್ನೂ ಆರಿಸಬಹುದಿತ್ತು. ನಮ್ಮವಳಿಗೆ ಬೇರೆ ಮನಸ್ಸು ಇದೆ, ಆರಿಸಲಿಕ್ಕೆ ಆಗುವುದಿಲ್ಲ. ಬೇಡ ಅನ್ನುವವರನ್ನು ಬಲವಂತ ಮಾಡಿ ಹಳ್ಳಿಗೆ ಕಳಿಸುವುದು ಕಷ್ಟ. ಕರ್ನಾಟಕದಲ್ಲಿ 2012ರ ಕಾನೂನು ಮಾಡಿ ಒಂದು ವರ್ಷದ ಕಡ್ಡಾಯ ಸೇವೆ ಅಂದರು, ವರ್ಷಾನುಗಟ್ಟಲೆ ಕೋರ್ಟು ಕಚೇರಿ ಆಯಿತು. ಬೇಕು ಅನ್ನುವವರ ಕೈ ಬಿಚ್ಚುವುದು ಅಷ್ಟು ಕಷ್ಟವಲ್ಲ.

ಹೇಗೆ ಅಂದರೆ, ಕುಟುಂಬ ಆರೋಗ್ಯ ಕೇಂದ್ರದಲ್ಲಿ ದುಡಿದ ಪ್ರತಿ ವರ್ಷಕ್ಕೆ ಆ ವರ್ಷದ ಕಂತನ್ನು ಸರಕಾರ ನೇರವಾಗಿ ಬ್ಯಾಂಕಿಗೆ ಕಟ್ಟಲಿ. ಬಿಟ್ಟು ಹೋದರೆ ಆ ತಿಂಗಳಿಂದ ನಿಲ್ಲಿಸಲಿ. ದಂಡ ಬೇಡ, ಬಾಂಡ್ ಬೇಡ. ಇದು ನನ್ನ ಹೊಸ ಬುದ್ಧಿಯೇನಲ್ಲ, ಅಮೆರಿಕದಲ್ಲಿ ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ ಅಂತ ಇದೆ, ಡಾಕ್ಟರಿಲ್ಲದ ಊರಿಗೆ ಹೋದರೆ ಸಾಲ ತೀರಿಸುತ್ತದೆ. ನಮ್ಮವಳ ಲೆಕ್ಕದಲ್ಲಿ ವರ್ಷಕ್ಕೆ 6 ಲಕ್ಷ 54 ಸಾವಿರ. ಇಂಥ ನೂರು ಡಾಕ್ಟರಿಗೆ ಆರೂವರೆ ಕೋಟಿ. ಸರಕಾರದ ಹತ್ತಿರ ದುಡ್ಡಿಲ್ಲ ಅನ್ನುವವರು ಮೇಲೆ ಹೇಳಿದ 900 ಕೋಟಿಯನ್ನು ಒಮ್ಮೆ ನೆನಪಿಸಿಕೊಳ್ಳಲಿ. ಅದರಲ್ಲಿ ಅರವತ್ತು ಪರ್ಸೆಂಟ್ ಸಿಗುತ್ತಿದ್ದದ್ದು ಸಾಲ ಕೆಟ್ಟ ಮೇಲೆ.

ಕೇಂದ್ರದ ಯೋಜನೆಗಳಿವೆಯಲ್ಲ ಅಂತ ಕೇಳಬಹುದು. 2009ರಿಂದ ಬಂದ ಬಡ್ಡಿ ಸಬ್ಸಿಡಿ ಮನೆಯ ಆದಾಯ ನಾಲ್ಕೂವರೆ ಲಕ್ಷದೊಳಗೆ ಇದೆಯೇ ಎಂದು ನೋಡಿತು. 2024ರ ನವೆಂಬರಿನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಕಾಲೇಜಿನ ರ‍್ಯಾಂಕಿಂಗ್ ನೋಡುತ್ತದೆ, ಎಂಟು ಲಕ್ಷದೊಳಗಿನ ಆದಾಯ ನೋಡುತ್ತದೆ, ಹತ್ತು ಲಕ್ಷದವರೆಗಿನ ಸಾಲಕ್ಕೆ ಮೂರು ಪರ್ಸೆಂಟ್ ಬಡ್ಡಿ ಬಿಡುತ್ತದೆ. ಅಪ್ಪ ಎಷ್ಟು ದುಡಿದ, ಮಗಳು ಎಲ್ಲಿ ಓದಿದಳು, ಇಷ್ಟೇ. ಓದಿ ಯಾವ ಊರಿನಲ್ಲಿ ಯಾರಿಗೆ ಮದ್ದು ಕೊಡುತ್ತಾಳೆ ಅನ್ನುವ ಕಾಲಂ ಯಾವ ಫಾರಂನಲ್ಲೂ ನಾನು ಕಂಡಿಲ್ಲ.

ಬೇರೆಯವರಿಗೆ ಇಷ್ಟೆಲ್ಲ ಹೇಳುವ ನಾನು ಒಂದು ಒಪ್ಪಿಕೊಳ್ಳಬೇಕು. 2004ರಲ್ಲಿ ತಿರುವನಂತಪುರದ ಒಂದು ಬ್ರಾಂಚಿನಲ್ಲಿ ಸಾಲದ ಆಫೀಸರ್ ಆಗಿದ್ದೆ. ಮೀನುಗಾರರ ಮನೆಯ ಒಬ್ಬ ಹುಡುಗಿ, ಬೆಂಗಳೂರಿನಲ್ಲಿ ನರ್ಸಿಂಗ್ ಸೀಟು, ಎರಡು ಲಕ್ಷ ಕೇಳಿದ್ದಳು. 2001ರ ಯೋಜನೆ ಪ್ರಕಾರ 4 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ "ಭದ್ರತೆ ಸಾಲದು" ಎಂದು ಬರೆದು ವಾಪಸ್ ಕಳಿಸಿದೆ, ಮೇಲಿನವರು ಕೇಳಿದರೆ ಉತ್ತರ ಹೇಳುವ ತಲೆನೋವು ಬೇಡ ಅಂತ. ಅದೇ ಜುಲೈ 22ರಂದು ರಜನಿ ಎಸ್. ಆನಂದ್ ಎಂಬ ದಲಿತ ಇಂಜಿನಿಯರಿಂಗ್ ವಿದ್ಯಾರ್ಥಿನಿ, ಸಾಲ ಸಿಗದೆ, ಎಂಟ್ರನ್ಸ್ ಕಮಿಷನರ ಕಚೇರಿಯಿದ್ದ ಹೌಸಿಂಗ್ ಬೋರ್ಡ್ ಕಟ್ಟಡದಲ್ಲಿ ಜೀವ ಕಳೆದುಕೊಂಡಳು. ಕೇರಳವೇ ಹೊತ್ತಿ ಉರಿಯಿತು. ಅವಳ ಅರ್ಜಿ ನಮ್ಮಲ್ಲಿಗೆ ಬಂದದ್ದಲ್ಲ. ಆದರೆ ಆ ರಾತ್ರಿ ನನಗೆ ಕಂಡದ್ದು ಮೀನುಗಾರರ ಹುಡುಗಿಯ ಮುಖ. ಮರುವಾರ ಅವಳ ವಿಳಾಸ ಹುಡುಕಿಕೊಂಡು ಹೋದೆ. ಬಟ್ಟೆ ಅಂಗಡಿಗೆ ಕೆಲಸಕ್ಕೆ ಸೇರಿಯಾಗಿತ್ತು, ಸೀಟು ಹೋಗಿಯಾಗಿತ್ತು. ಅವಳ ಅಮ್ಮ ಚಾ ಕೊಟ್ಟರು. ಕುಡಿದು ಬಂದೆ.

ಆಮೇಲೆ ನಾನು ಧಾರಾಳವಾಗಿ ಸಾಲ ಕೊಟ್ಟೆ. ಅದೇ ಧಾರಾಳದ ಮುಂದುವರಿಕೆ ಈ ಮೂವತ್ತೈದು ಲಕ್ಷ. ಸಾಲ ಕೊಡದೆ ಒಬ್ಬಳ ದಾರಿ ಮುಚ್ಚಿದೆ, ಕೊಟ್ಟು ಇನ್ನೊಬ್ಬಳದ್ದನ್ನು.

ಶನಿವಾರ ರಾತ್ರಿ ಲ್ಯಾಪ್‌ಟಾಪ್ ಅವಳ ಕಡೆ ತಿರುಗಿಸಿ ಎರಡು ಕಾಲಂ ತೋರಿಸಿದೆ. ತುಂಬ ಹೊತ್ತು ನೋಡಿದಳು.

"ಮಾವ, ನಾನು ನಿಮ್ಮ ಮಗಳೇ ಆಗಿದ್ರೆ ಏನು ಹೇಳ್ತಿದ್ರಿ?"

"ಸ್ಕಿನ್ ತೆಗೋ ಅಂತಿದ್ದೆ" ಅಂದೆ. ಸುಳ್ಳು ಹೇಳಲಿಲ್ಲ.

ಭಾವ ಫೋನಿನಲ್ಲಿ, "ಅಲ್ಲ ಭಾವ, ಅವಳಿಗೆ ಬೇಸರ ಆಗುದಾದ್ರೆ ಬೇಡ ಮಾರಾಯ, ತೋಟ ಹೇಗಾದ್ರೂ ಕಟ್ತದೆ" ಅಂದ. ಆ ಮಾತಿನ ಭಾರ ಅವಳಿಗೆ ನನ್ನ ಲೆಕ್ಕಕ್ಕಿಂತ ಹೆಚ್ಚಾಗಿರಬೇಕು. ಪಾತ್ರೆ ತೊಳೆಯುತ್ತೇನೆ ಎಂದು ಎದ್ದು ಹೋದಳು.

ಸೋಮವಾರ ರೈಲು ಕೋಟ್ಟಯಂ ದಾಟುವಾಗ ಮೆಸೇಜು ಬಂತು. "ಲಾಕ್ ಮಾಡಿದೆ ಮಾವ. ಸ್ಕಿನ್ ಮೊದಲು, ಫ್ಯಾಮಿಲಿ ಎರಡು." ತಿರುವನಂತಪುರಕ್ಕೆ ಇಳಿಯುವುದರೊಳಗೆ ಭಾವನದ್ದೂ ಬಂತು, ಹೊಸ ಸಾಲಕ್ಕೆ ಏನೇನು ಕಾಗದ ಬೇಕು ಅಂತ. ಮೂಲ ಆಧಾರಪತ್ರ, ಎನ್‌ಕಂಬರೆನ್ಸ್ ಸರ್ಟಿಫಿಕೇಟ್, ವಿಲೇಜ್ ಆಫೀಸಿನಿಂದ ಪೊಸೆಷನ್ ಸರ್ಟಿಫಿಕೇಟ್, ಲೊಕೇಶನ್ ಸ್ಕೆಚ್, ಈ ವರ್ಷದ ತೀರ್ವೆ ರಶೀದಿ. ಪ್ಲಾಟ್‌ಫಾರಂ ಮೇಲೆ ನಿಂತೇ ಟೈಪ್ ಮಾಡಿ ಕಳಿಸಿದೆ.